ಎರಡನೆಯ ಏಟು

ಎರಡನೆಯ ಏಟನ್ನು ನಾನು ಕಣ್ಣಾರೆ ಕಂಡೆ. ಮೊದಲನೆಯದನ್ನು ಕಾಣಲಿಲ್ಲ. ಆಮೇಲೆ ಆದ ಅನಾಹುತಕ್ಕೆಲ್ಲ ಅದೇ ಮೂಲ.

ಅವತ್ತು ಹಿರಿಯ ವಕೀಲರೊಬ್ಬರು ತೀರಿಕೊಂಡರೆಂದು ಮಧ್ಯಾಹ್ನಕ್ಕೇ ಕೋರ್ಟಿನ ಕಲಾಪ ನಿಂತಿತು. ನಾನು ಅಲ್ಲಿ ಇಪ್ಪತ್ತಾರು ವರ್ಷದಿಂದ ಟೈಪಿಸ್ಟ್. ಹೀಗೆ ಸಿಗುವ ಅರ್ಧ ದಿನದ ಬಿಡುವಿಗೆ ನಾವೆಲ್ಲ ಮುಖ ಸಪ್ಪೆ ಮಾಡಿಕೊಂಡೇ ಒಳಗೊಳಗೆ ಖುಷಿಪಡುವವರು. ಮೂರು ಗಂಟೆಯ ಒಳಗೆ ಮನೆ ಮುಟ್ಟಿ, ಕಾಲು ಚಾಚಿ ಒಂದು ಗಳಿಗೆ ಮಲಗಬೇಕೆಂದು ಲೆಕ್ಕ ಹಾಕಿಕೊಂಡು ಗಲ್ಲಿಯ ತಿರುವು ದಾಟಿದೆ. ಮನೆಯ ಮುಂಬಾಗಿಲು ಎಂದಿನಂತೆ ತೆರೆದೇ ಇತ್ತು.

ಮುಂದಿನ ಕೋಣೆ ನನ್ನ ತಂಗಿಯ ಹೊಲಿಗೆಯ ಅಂಗಡಿ. ಎರಡು ವರ್ಷದವಳಿದ್ದಾಗ ಅಪ್ಪನ ಅಂಗಿಯ ಗುಂಡಿ ನುಂಗಿ ಮನೆಯವರ ಜೀವ ಬಾಯಿಗೆ ತಂದಿದ್ದಳು. ಅಂದಿನಿಂದ ಅವಳ ಹೆಸರೇ ಗುಂಡಿ. ಗಂಡ ತೀರಿಹೋದ ಮೇಲೆ ನನ್ನ ಜೊತೆಗೇ ಇದ್ದಾಳೆ. ಕತ್ತರಿಸಲು ಒಂದು ಉದ್ದ ಮೇಜು, ಒಂದು ಮಿಷನ್ನು, ಕಬ್ಬಿಣದ ತಳದ ಹಳೆಯ ಇಸ್ತ್ರಿಪೆಟ್ಟಿಗೆ, ಗೋಡೆಗೆ ತೂಗುಹಾಕಿದ ಅಳತೆಪಟ್ಟಿಗಳು. ಅವಳಿಗೆ ಮಾತು ಕಡಿಮೆ. ನನಗೆ ಹೆಚ್ಚು. ಹಾಗಾಗಿ ಅವಳ ಪಾಲಿನದನ್ನೂ ನಾನೇ ಆಡಿಕೊಂಡು ಬಂದಿದ್ದೆ. ಹುಡುಗ ನೋಡಲು ಬಂದಾಗ ಅವಳಿಗೆ ಅಡುಗೆ ಬರುತ್ತದೆಂದು ಹೇಳಿದ್ದೂ ನಾನೇ, ಡಾಕ್ಟರ ಹತ್ತಿರ ಅವಳಿಗೆ ಎಲ್ಲಿ ನೋವೆಂದು ಹೇಳುತ್ತಿದ್ದವಳೂ ನಾನೇ.

ಹೊಸ್ತಿಲಲ್ಲಿ ಕಾಲಿಟ್ಟವಳು ಅಲ್ಲೇ ನಿಂತೆ. ಯಾರೋ ಗಂಡಸು ನೆಲದ ಮೇಲೆ ಬೋರಲಾಗಿ ಬಿದ್ದಿದ್ದ. ಮೇಜಿನ ಮೇಲಿದ್ದ ಸಮವಸ್ತ್ರದ ನೀಲಿ ಬಟ್ಟೆಯೆಲ್ಲ ಜಾರಿ ನೆಲಕ್ಕೆ ರಾಶಿ ಬಿದ್ದಿತ್ತು. ಅವನ ತಲೆ, ಬೆನ್ನು ಕಾಣುತ್ತಿದ್ದವು. ತೋಳುಗಳು ಆ ರಾಶಿಯ ಒಳಗೆ ಸೇರಿಹೋಗಿದ್ದವು. ತಲೆಯಿಂದ ರಕ್ತ ಇಳಿಯುತ್ತಿತ್ತು. ನನ್ನ ತಂಗಿ ಬಟ್ಟೆಯ ನಡುವೆ ನಿಂತು ಇಸ್ತ್ರಿಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಮೇಲೆತ್ತಿದಳು. ಅವಳು ಬಿದ್ದವನ ತಲೆಯ ಮೇಲೆ ಅದನ್ನು ಬೀಸಿದಳು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ, ಅದನ್ನು ಬರೆದು ತೋರಿಸುವ ಇಷ್ಟ ನನಗಿಲ್ಲ.

ಇರುವೆ ತುಳಿದರೆ ಕಾಲೆತ್ತಿ ನೋಡಿಕೊಳ್ಳುವ ಹೆಂಗಸು ಅವಳು. ಅವಳು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಬಟ್ಟೆಯಿಂದ ಆಚೆ ಬಂದು, ನನ್ನನ್ನು ನೋಡಿದಳು. ಮುಖದಲ್ಲಿ ಬಣ್ಣವೇ ಇರಲಿಲ್ಲ.

ಆಂಬುಲೆನ್ಸಿಗೆ ಫೋನು ಮಾಡಿದೆ, ಠಾಣೆಗೆ ಮಾಡಿದೆ. ಅವನಿಗೆ ಉಸಿರಿತ್ತು. ಟವೆಲನ್ನು ಮಡಿಸಿ ಅವನ ತಲೆಗೆ ಒತ್ತಿ ಹಿಡಿದೆ. ಇಷ್ಟು ಮಾಡುವಾಗಲೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ ವಿಷಯ: ಇವಳು ಬಿದ್ದವನನ್ನು ಹೊಡೆದಳು.

ಇದಕ್ಕೆ ಕಾರಣವಿದೆ. ಎಂಟು ವರ್ಷದ ಹಿಂದೆ ಒಂದು ತೀರ್ಪು ಟೈಪು ಮಾಡಿದ್ದೆ. ಮನೆಗೆ ನುಗ್ಗಿದ ಕಳ್ಳನನ್ನು ಮನೆಯ ಯಜಮಾನ ಕಬ್ಬಿಣದ ಸರಳಿನಿಂದ ಹೊಡೆದು ಬೀಳಿಸಿದ್ದ. ಅಲ್ಲಿಗೆ ನಿಲ್ಲಿಸಿದ್ದರೆ ಕೈಕುಲುಕಿ ಕಳಿಸುತ್ತಿದ್ದರೇನೋ. ಆದರೆ ಬಿದ್ದು ಮಿಸುಕಾಡದವನಿಗೆ ಸಿಟ್ಟಿನಲ್ಲಿ ಇನ್ನೂ ಮೂರು ಏಟು ಹಾಕಿದ್ದ, ಕಳ್ಳ ಸತ್ತಿದ್ದ. ಮನೆ ಕಾಯುವ ಹಕ್ಕು, ಜೀವ ಕಾಯುವ ಹಕ್ಕು ಅಪಾಯ ಇರುವಷ್ಟು ಹೊತ್ತು ಮಾತ್ರ. ಅಪಾಯ ಮುಗಿದ ಮೇಲಿನ ಏಟು ರಕ್ಷಣೆಯಲ್ಲ, ಶಿಕ್ಷೆ. ಶಿಕ್ಷೆ ಕೊಡುವ ಕೆಲಸ ಮನೆಯವರದಲ್ಲ, ಎಂದು ನ್ಯಾಯಾಧೀಶರು ಹೇಳುತ್ತ ಹೋದರು, ನಾನು ಬಡಿಯುತ್ತ ಹೋದೆ. ಏಳು ವರ್ಷ ಎಂದಾಗಲೂ ನನ್ನ ಬೆರಳು ತಡವರಿಸಲಿಲ್ಲ. ಅವತ್ತು ಆ ತೀರ್ಪು ಸರಿಯೆಂದೇ ಅನಿಸಿತ್ತು. ಈಗ ಅದೇ ಏಳು ವರ್ಷ ನನ್ನ ತಂಗಿಗೆ ಬರುವುದಿತ್ತು. ಅವಳು ಒಬ್ಬಳೇ ಬಸ್ಸು ಹತ್ತಲೂ ಹೆದರುವವಳು.

"ಅಕ್ಕ, ಅವನು..." ಎಂದು ಅವಳು ಶುರುಮಾಡಿದಳು.

"ನೀನು ಸುಮ್ನಿರು. ನಾನು ಹೇಳೋದು ಕೇಳು," ಎಂದೆ.

ಪೊಲೀಸರು ಬರುವ ಮುಂಚೆ ಕೈಯಲ್ಲಿ ಹದಿನೈದು ನಿಮಿಷ ಇತ್ತು. ಅವನು ಹಿತ್ತಿಲ ಬಾಗಿಲಿನಿಂದ ಬಂದನೇ ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದಳು. ಕೈಯಲ್ಲಿ ಏನಿತ್ತು ಎಂದು ಕೇಳಿದೆ. ಮೇಜಿನ ಮೇಲಿದ್ದ ತನ್ನ ಕತ್ತರಿಯನ್ನೇ ಎತ್ತಿಕೊಂಡು ಮೇಲೇರಿ ಬಂದ ಎಂದಳು. ನನಗೆ ಅಷ್ಟೇ ಸಾಕಾಗಿತ್ತು. ಕತ್ತರಿ ಹಿಡಿದು ಬಂದವನಿಗೆ ಒಂದು ಏಟು, ಯಾವ ನ್ಯಾಯಾಧೀಶರೂ ಕೇಳುವುದಿಲ್ಲ. ಎರಡನೆಯದನ್ನು ಅಳಿಸಿಬಿಟ್ಟರೆ ಆಯಿತು. ಅವಳಿಗೆ ಹೇಳಿಕೊಟ್ಟೆ: ನೀನು ಹೊಡೆದದ್ದು ಒಂದೇ ಏಟು, ಅವನು ಬೀಳುವಾಗ ಮೇಜಿನ ಅಂಚಿಗೆ ತಲೆ ತಗುಲಿತು. ಅವಳು ಕಣ್ಣರಳಿಸಿ ನೋಡಿದಳು. ಇನ್ನೊಂದು ಸಲ ಹೇಳಿಕೊಟ್ಟೆ. ಮೂರನೆಯ ಸಲ ಅವಳಿಂದಲೇ ಹೇಳಿಸಿದೆ. ಇಪ್ಪತ್ತಾರು ವರ್ಷ ಜಜ್ಜುಗಳ ಮಾತು ಬಡಿದೂ ಬಡಿದೂ ನನ್ನ ನಾಲಿಗೆಗೂ ಅದೇ ಹತ್ತಿತ್ತು. ಅವಳ ಬಾಯಿಗೆ ಅದನ್ನೇ ತುರುಕಿದೆ.

ಬಂದ ಇನ್‌ಸ್ಪೆಕ್ಟರ್ ನನಗೆ ಪರಿಚಯದವರು. ಸಾಕ್ಷಿ ಹೇಳಲು ಕೋರ್ಟಿಗೆ ಬಂದಾಗೆಲ್ಲ ನನ್ನ ಮೇಜಿನ ಹತ್ತಿರ ನಿಂತು, ಮೇಡಂ, ನನ್ನ ಹೇಳಿಕೆಯಲ್ಲಿ ತಪ್ಪಿದ್ದರೆ ನೀವೇ ತಿದ್ದಿಬಿಡಿ ಎಂದು ನಗುತ್ತಿದ್ದವರು. ಅವತ್ತು ಅವರನ್ನು ಕಂಡು ನನಗೆ ಧೈರ್ಯವೇ ಬಂತು. ಎಂಥ ದಡ್ಡಿ ನಾನು. ನೆಲದ ಬಟ್ಟೆಯ ಕೆಳಗೆ ಅವರಿಗೆ ಕತ್ತರಿ ಸಿಕ್ಕಿತು, ಇಸ್ತ್ರಿಪೆಟ್ಟಿಗೆಯನ್ನು ಚೀಲಕ್ಕೆ ಹಾಕಿ ಮೊಹರು ಮಾಡಿದರು, ಕೋಣೆಗೆ ಬೀಗ ಹಾಕಿದರು.

ಠಾಣೆಯಲ್ಲಿ ಹೇಳಿಕೆ ಬರೆಸುವಾಗ ಗುಂಡಿ ಪಾಠ ಒಪ್ಪಿಸಿದಳು. ಆತನು ಮಾರಕಾಯುಧವಾದ ಕತ್ತರಿಯನ್ನು ಹಿಡಿದು ತನ್ನ ಮೇಲೆ ಎರಗಲು ಮುಂದಾದನೆಂದೂ, ಪ್ರಾಣಕ್ಕೆ ಅಪಾಯ ಒದಗೀತೆಂಬ ಸಮಂಜಸವಾದ ಭಯದಿಂದ, ಅನ್ಯಮಾರ್ಗವಿಲ್ಲದೆ, ಅಗತ್ಯಕ್ಕೆ ತಕ್ಕಷ್ಟೇ ಬಲವನ್ನು ಒಮ್ಮೆ ಮಾತ್ರ ಪ್ರಯೋಗಿಸಿದೆನೆಂದೂ ಹೇಳಿದಳು. ಬರೆದುಕೊಳ್ಳುತ್ತಿದ್ದ ಪೇದೆಗೆ "ಸಮಂಜಸ" ಬರೆಯಲು ಬರಲಿಲ್ಲ, ನಾನು ಬಗ್ಗಿ ತಿದ್ದಿದೆ. ತಂಗಿ ಹೇಳಿದ್ದೆಂದು ನನ್ನ ಹೇಳಿಕೆಯಲ್ಲೂ ಅದೇ ಸಾಲು ಬಂತು. ನಾನು ಬಾಗಿಲಿಗೆ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು, ಆತ ಬಿದ್ದಿದ್ದ, ತಂಗಿ ದೂರ ನಿಂತಿದ್ದಳು ಎಂದು ಸಹಿ ಹಾಕಿದೆ. ಇನ್‌ಸ್ಪೆಕ್ಟರ್ ಕಾಗದವನ್ನು ಎರಡು ಸಲ ಓದಿ ನನ್ನ ಮುಖ ನೋಡಿದರು.

"ಮೇಡಂ, ನಿಮ್ಮ ತಂಗಿ ಟೈಲರೋ ವಕೀಲರೋ?"

ನಾನು ನಕ್ಕೆ. ಕೋರ್ಟಿನವರ ಮನೆಯಲ್ಲಿದ್ದರೆ ಎಲ್ಲರಿಗೂ ಅಷ್ಟಿಷ್ಟು ಬರುತ್ತದೆ ಎಂದೆ. ಅವರೂ ನಕ್ಕಂತೆ ಮಾಡಿದರು.

ಆಮೇಲಿನ ದಿನಗಳಲ್ಲಿ ಗುಂಡಿ ಸರಿಯಾಗಿ ಉಣ್ಣಲಿಲ್ಲ. ಮುಂದಿನ ಕೋಣೆಗೆ ಬೀಗ ಬಿದ್ದಿದ್ದರಿಂದ ಅಡುಗೆಮನೆಯ ಕಿಟಕಿಯ ಹತ್ತಿರ ಕೂತು ಕೈಯಲ್ಲೇ ಹುಕ್ಕು ಹೊಲಿಯುತ್ತಿದ್ದಳು. ಎರಡು ಸಲ ಹತ್ತಿರ ಬಂದು ಅಕ್ಕ ಎಂದು ಕರೆದಳು. ಎರಡು ಸಲವೂ ನಾನು ಅದರ ಮಾತೇ ಬೇಡ, ಗೋಡೆಗೂ ಕಿವಿ ಇರುತ್ತದೆ ಎಂದು ಗದರಿದೆ. ಹೆದರಿಕೊಂಡಿದ್ದಾಳೆ, ನಾನು ಗಟ್ಟಿಯಾಗಿದ್ದರೆ ಅವಳೂ ಗಟ್ಟಿಯಾಗುತ್ತಾಳೆ ಎಂದುಕೊಂಡಿದ್ದೆ. ನನ್ನ ಮೇಲೆ ನನಗೆ ಅಷ್ಟು ನಂಬಿಕೆ.

ಐದನೆಯ ದಿನ ಬೆಳಿಗ್ಗೆ ಇನ್‌ಸ್ಪೆಕ್ಟರ್ ಕೋರ್ಟಿಗೇ ಫೋನು ಮಾಡಿ ನನ್ನೊಬ್ಬಳನ್ನೇ ಬರಹೇಳಿದರು. ಠಾಣೆಯ ಹೊರಗಿನ ಬೆಂಚಿನ ಮೇಲೆ ವಯಸ್ಸಾದ ಹೆಂಗಸೊಬ್ಬಳು ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಚೀಲದಲ್ಲಿ ಗಂಡಸರ ಚಪ್ಪಲಿ ಕಾಣುತ್ತಿತ್ತು. ನಮ್ಮ ಮನೆಗೆ ನುಗ್ಗಿದವನ ತಾಯಿ ಎಂದು ಪೇದೆ ಹೇಳಿದ. ಅವನು ಆಸ್ಪತ್ರೆಯಲ್ಲಿ ಮೊನ್ನೆಯೇ ತೀರಿಕೊಂಡನಂತೆ. ಮನೆಗಳಿಗೆ ಬಣ್ಣ ಬಳಿಯುವವನು, ಹಿಂದೆ ಎರಡು ಸಲ ಹೀಗೆಯೇ ಬೇರೆಯವರ ಮನೆಗೆ ನುಗ್ಗಿ ಸಿಕ್ಕಿಬಿದ್ದವನು. ಅವನಿಗೂ ಒಬ್ಬಳು ತಾಯಿ ಇರಬಹುದೆಂದು ಐದು ದಿನದಲ್ಲಿ ಒಂದು ಸಲವೂ ನನಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು. ತಲೆ ತಗ್ಗಿಸಿ ಒಳಗೆ ಹೋದೆ.

ಇನ್‌ಸ್ಪೆಕ್ಟರ್ ಈ ಸಲ ನಗಲಿಲ್ಲ. ಶವಪರೀಕ್ಷೆಯ ವರದಿಯನ್ನು ನನ್ನ ಮುಂದೆ ತಳ್ಳಿದರು. ತಲೆಗೆ ಎರಡು ಗಾಯ, ಎರಡೂ ಒಂದೇ ಭಾರದ ವಸ್ತುವಿನಿಂದ ಆದವು. ಮೇಜಿನ ಅಂಚನ್ನು ಪರೀಕ್ಷೆಗೆ ಕಳಿಸಿದ್ದರಂತೆ. ಅಲ್ಲಿ ರಕ್ತವೂ ಇಲ್ಲ, ಒಂದು ಕೂದಲೂ ಇಲ್ಲ. ಅಂಥ ವರದಿಗಳನ್ನು ನಾನು ನೂರಾರು ಟೈಪು ಮಾಡಿದ್ದೇನೆ. ಎರಡು ಏಟನ್ನು ಒಂದು ಮಾಡಲು ಬಾರದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು? ಆ ಹದಿನೈದು ನಿಮಿಷದಲ್ಲಿ ನನಗೆ ಅದು ಒಂದು ಚೂರೂ ನೆನಪಾಗಿರಲಿಲ್ಲ.

"ಕತ್ತರಿ ಸಿಕ್ಕಿತ್ತು ಮೇಡಂ. ಮೊದಲ್ನೇ ಏಟಿಗೆ ಯಾರೂ ತಕರಾರು ಮಾಡ್ತಿರ್ಲಿಲ್ಲ," ಎಂದರು ಅವರು. "ಎರಡ್ನೇದಕ್ಕೂ ಅವರ ಹತ್ರ ಕಾರಣ ಇದ್ದಿದ್ರೆ ಅವತ್ತೇ ಹೇಳ್ತಿದ್ರು. ಮುಚ್ಚಿಟ್ರು ಅಂದ್ರೆ, ಕಾರಣ ಇರ್ಲಿಲ್ಲ ಅಂತ ತಾನೇ?"

ಮಧ್ಯಾಹ್ನದ ಹೊತ್ತಿಗೆ ತಂಗಿಯನ್ನು ಕರೆದುಕೊಂಡು ಬನ್ನಿ, ಕೊಲೆಯ ಪ್ರಕರಣ ದಾಖಲಾಗುತ್ತದೆ, ಬರುವಾಗ ಅವರ ಬಟ್ಟೆಬರೆ ತನ್ನಿ ಎಂದರು. ಹಳೆಯ ಪರಿಚಯಕ್ಕೆ ಅವರು ಮಾಡಿದ ಉಪಕಾರ ಅಷ್ಟು, ಮನೆಗೆ ಜೀಪು ಕಳಿಸಲಿಲ್ಲ.

ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಗುಂಡಿ ಕಿಟಕಿಯ ಹತ್ತಿರವೇ ಇದ್ದಳು. ಅವಳ ಕೈಯಿಂದ ಸೂಜಿ ಕಿತ್ತು ಆಚೆ ಇಟ್ಟು, ಕೇಳಬೇಕಾದ್ದನ್ನು ಐದು ದಿನ ತಡವಾಗಿ ಕೇಳಿದೆ. ಬಿದ್ದವನನ್ನು ಇನ್ನೊಮ್ಮೆ ಯಾಕೆ ಹೊಡೆದೆ?

"ಕಾಲು ಹಿಡ್ಕೊಂಡಿದ್ದ ಅಕ್ಕ," ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳು ತಾನಾಗಿಯೇ ಮುಂದುವರಿದಳು. ಅವಳು ಅಷ್ಟು ಮಾತನ್ನು ಒಂದೇ ಉಸಿರಿಗೆ ಆಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಬಿದ್ದ ಅಲ್ವಾ, ಬಿದ್ದವನೇ ಎಡಗಾಲು ಹಿಡ್ಕೊಂಡ. ಬಟ್ಟೆ ಒಳಗಿಂದ. ಎಳೀತಾ ಇದ್ದ. ಇನ್ನೊಂದು ಕೈಯಲ್ಲಿ ಕತ್ತರಿಗೆ ತಡಕಾಡ್ತಿದ್ದ. ಅದು ಎಷ್ಟು ಹರಿತ ಅಂತ ನಂಗೊತ್ತಲ್ವಾ, ನಾನೇ ಸಾಣೆ ಹಿಡಿಸಿದ್ದು. ಬಿಡು ಬಿಡು ಅಂದೆ, ಬಿಡ್ಲಿಲ್ಲ. ಅದಕ್ಕೇ ಇನ್ನೊಂದು ಹೊಡ್ದೆ. ಬಿಟ್ಟ."

ನೆರಿಗೆ ಸರಿಸಿ, ಸೀರೆಯ ಅಂಚನ್ನು ಮೇಲೆತ್ತಿ ಕಾಲು ತೋರಿಸಿದಳು. ಹರಡಿನ ಮೇಲೆ ನಾಲ್ಕು ಬೆರಳಿನ ಗುರುತು. ಹಿಂದಿನಿಂದ ಹೆಬ್ಬೆರಳಿನದು. ಮೊದಲ ದಿನ ಕಪ್ಪಗಿತ್ತಂತೆ, ಈಗ ಹಳದಿಗೆ ತಿರುಗಿ ಅಂಚು ಕರಗುತ್ತಿತ್ತು.

ನಾನು ನೆಲದ ಮೇಲೆ ಕೂತುಬಿಟ್ಟೆ. ಅವಳು ಹೇಳಿದ್ದು ಎಂಟು ಹತ್ತು ಸಣ್ಣ ಮಾತು. ಆ ತೀರ್ಪಿನ ನ್ಯಾಯಾಧೀಶರ ಮುಂದೆ ಇಟ್ಟಿದ್ದರೂ ಸಾಕಾಗುತ್ತಿತ್ತು. ಅಪಾಯ ಮುಗಿದಿರಲಿಲ್ಲ. ಅವನ ಕೈ ಅವಳ ಕಾಲ ಮೇಲಿತ್ತು, ಇನ್ನೊಂದು ಕೈ ಕತ್ತರಿಯ ಹತ್ತಿರ ಇತ್ತು. ಅವಳು ಕಾನೂನು ಒಪ್ಪುವಷ್ಟೇ ಹೊಡೆದಿದ್ದಳು, ಅವನು ಬಿಟ್ಟ ಕೂಡಲೇ ನಿಲ್ಲಿಸಿದ್ದಳು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟದ್ದನ್ನು ನಾನೇ ನೋಡಿದ್ದೆ. ನೋಡಿಯೂ ನನ್ನ ತಂಗಿಯನ್ನು ತಪ್ಪಿತಸ್ಥಳೆಂದು ಮೊದಲು ತೀರ್ಮಾನಿಸಿದವಳು ನಾನು. ಪೊಲೀಸರಲ್ಲ, ನ್ಯಾಯಾಧೀಶರಲ್ಲ, ಒಡಹುಟ್ಟಿದ ನಾನು.

ಇದನ್ನು ನನಗೆ ಯಾಕೆ ಹೇಳಲಿಲ್ಲವೆಂದು ಅವಳ ಮೇಲೇ ರೇಗಿದೆ. ನನ್ನ ಹಾಳು ಬುದ್ಧಿ ಆಗಲೂ ಬಿಡಲಿಲ್ಲ.

"ಹೇಳೋಕೆ ಬಂದೆ, ನೀನೇ ಸುಮ್ನಿರು ಅಂದೆ," ಎಂದಳು. ದೂರುವ ದನಿಯೇ ಅಲ್ಲ. "ಎರಡ್ನೇ ಏಟೇ ಇಲ್ಲ ಅಂದ್ಮೇಲೆ ಕಾಲು ಹಿಡ್ಕೊಂಡಿದ್ದನ್ನೂ ಹೇಳ್ಬಾರ್ದೇನೋ ಅಂದ್ಕೊಂಡೆ. ನಿಂಗೆ ಗೊತ್ತಿರುತ್ತಲ್ಲ ಇದೆಲ್ಲ."

ಅವಳನ್ನು ಎಬ್ಬಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಓಡಿದೆ. ಡಾಕ್ಟರು ಕಾಲನ್ನು ತಿರುಗಿಸಿ ನೋಡಿದರು, ಅಳತೆ ತೆಗೆದರು, ಫೋಟೋ ತೆಗೆದರು. ಕೆಲವು ದಿನಗಳ ಹಳೆಯ ಗುರುತು, ಯಾವ ದಿನದ್ದು, ಯಾರ ಕೈಯದು ಎಂದು ಹೇಳಲು ಬರುವುದಿಲ್ಲ ಎಂದು ಬರೆದುಕೊಟ್ಟರು. ಘಟನೆಯ ದಿನವೇ ತೋರಿಸಿದ್ದರೆ ಚೆನ್ನಾಗಿತ್ತು, ಆಗ ಯಾಕೆ ಬರಲಿಲ್ಲ ಎಂದು ಕೇಳಿದರು. ಗುಂಡಿ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

ಠಾಣೆಗೆ ಹೋಗುವ ದಾರಿಯಲ್ಲಿ ಆಟೋದೊಳಗೆ ಅವಳಿಗೆ ಒಂದೇ ಮಾತು ಹೇಳಿದೆ: ಈಗ ನನಗೆ ಹೇಳಿದೆಯಲ್ಲ, ಅದನ್ನು ಹಾಗೆಯೇ ಹೇಳು, ಒಂದಕ್ಷರ ಸೇರಿಸಬೇಡ, ಬಿಡಬೇಡ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅದೂ ಹೇಳಿಕೊಟ್ಟಂತೆಯೇ ಆಯಿತಲ್ಲ. ಆಮೇಲೆ ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ.

ಇನ್‌ಸ್ಪೆಕ್ಟರರ ಮುಂದೆ ನಾನು ಕೂರಲಿಲ್ಲ, ನಿಂತೇ ಎಲ್ಲ ಹೇಳಿದೆ. ಎರಡನೆಯ ಏಟನ್ನು ನಾನು ನೋಡಿದ್ದೆ, ಅದನ್ನು ಮುಚ್ಚಿಟ್ಟದ್ದು ನಾನು, ಮೇಜಿನ ಅಂಚು ನನ್ನ ಕಟ್ಟುಕತೆ, ತಂಗಿಯ ಹೇಳಿಕೆಯ ಒಂದೊಂದು ಪದವೂ ನನ್ನದು. ಸುಳ್ಳು ಸಾಕ್ಷಿಗೆ ನನ್ನನ್ನು ಒಳಗೆ ಹಾಕಿ, ಕೆಲಸದಿಂದ ತೆಗೆಸಿ, ಆದರೆ ಅವಳ ಮಾತನ್ನು ಒಮ್ಮೆ ಕೇಳಿ ಎಂದೆ. ಡಾಕ್ಟರ ಚೀಟಿಯನ್ನು ಮೇಜಿನ ಮೇಲಿಟ್ಟೆ.

ಅವರು ಚೀಟಿಯನ್ನು ನಿಧಾನವಾಗಿ ಓದಿದರು. ಬೆಳಿಗ್ಗೆ ಎರಡು ಗಾಯ ಎಂದು ತಾವು ಹೇಳಿದರೆ, ಮಧ್ಯಾಹ್ನದ ಹೊತ್ತಿಗೆ ಎರಡನೆಯದಕ್ಕೆ ಕಾರಣ ಬಂತು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅದರಲ್ಲಿ ವ್ಯಂಗ್ಯ ಇರಲಿಲ್ಲ, ದಣಿವಿತ್ತು. ಅವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಆದರೂ ಅವರು ಕೇಳಲು ಒಪ್ಪಿದರು. ಅದು ಅವರ ಒಳ್ಳೆಯತನ. ಪೇದೆಯನ್ನು ಕರೆಯದೆ ತಾವೇ ಹಾಳೆ, ಪೆನ್ನು ತೆಗೆದುಕೊಂಡರು. ನನ್ನನ್ನು ಬಾಗಿಲ ಹತ್ತಿರ, ಗುಂಡಿಯ ಬೆನ್ನ ಹಿಂದೆ ನಿಲ್ಲಿಸಿ, ನಿಮ್ಮ ಬಾಯಿಂದ ಒಂದು ಉಸಿರು ಬಂದರೂ ಆಚೆ ಕಳಿಸುತ್ತೇನೆ ಎಂದರು. ಆಮೇಲೆ ಅವಳ ಕಡೆ ತಿರುಗಿದರು. ಬಲು ಮೃದುವಾಗಿ ಮಾತಾಡಿದರು.

"ಯಾರೂ ಹೇಳ್ಕೊಟ್ಟಿದ್ದು ಬೇಡಮ್ಮ. ಅವನು ಬಿದ್ದ ಮೇಲೆ ಏನಾಯ್ತು? ನಿಮ್ಮ ಮಾತಲ್ಲೇ ಹೇಳಿ."

ಗುಂಡಿ ಕೈಗಳನ್ನು ತೊಡೆಯ ಮೇಲೆ ಜೋಡಿಸಿಕೊಂಡು ಕೂತಿದ್ದಳು. ಅವಳ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಹೇಳೇ ಹೇಳೇ ಎಂದು ನನ್ನ ಜೀವವೆಲ್ಲ ಒಳಗೇ ಕೂಗಿತು. ಅಡುಗೆಮನೆಯಲ್ಲಿ ಒಂದೇ ಉಸಿರಿಗೆ ಹೇಳಿದ್ದಳಲ್ಲ, ಅದನ್ನೇ ಇಲ್ಲೂ ಹೇಳಿದರೆ ಆ ಮನುಷ್ಯನಿಗೆ ಕೇಳುತ್ತದೆ, ನಿಜಕ್ಕೆ ಅದರದೇ ದನಿ ಇರುತ್ತದೆ ಎಂದು ಆಸೆಪಟ್ಟೆ. ಅವಳು ಬಾಯಿ ತೆರೆದಳು. ಬಿದ್ದ ಎಂದಳು. ಮತ್ತೊಮ್ಮೆ ಬಿದ್ದ ಎಂದಳು. ಅಲ್ಲಿಗೆ ನಿಂತಿತು. ಇನ್‌ಸ್ಪೆಕ್ಟರ್ ಅವಸರ ಮಾಡಲಿಲ್ಲ, ಕಾದರು.

ಗುಂಡಿ ಕುರ್ಚಿಯಲ್ಲೇ ತಿರುಗಿ ನನ್ನನ್ನು ನೋಡಿದಳು.

"ಅಕ್ಕ, ಕಾಲು ಹಿಡ್ಕೊಂಡ ಅಂತ ಹೇಳ್ಲಾ?" ಎಂದು ಕೇಳಿದಳು.

ಇನ್‌ಸ್ಪೆಕ್ಟರ್ ಒಂದು ಕ್ಷಣ ಕಣ್ಣು ಮುಚ್ಚಿದರು. ಆಮೇಲೆ ಹಾಳೆಯ ಮೇಲೆ ಬಗ್ಗಿ, ಅವಳು ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದುಕೊಂಡರು.